ಪುಟ್ಟ ಟಿವಿಗೆ ಇರುವುದು ಒಂದೇ ಬಾಗಿಲು

ಐದು ಅಂಗುಲದ ಕಪ್ಪು-ಬಿಳುಪು ಟಿವಿ ನಿಮಗೆ ನೆನಪಿದೆಯೇ? ಮೇಲೆ ಹಿಡಿಕೆ, ಮುಂದೆ ರೇಡಿಯೋದ ಮಾಪಕ, ಹಿಂದೆ ಮಡಚಿ ಇಡಬಹುದಾದ ಉದ್ದ ಆಂಟೆನಾ. ಮನೆಯ ಕರೆಂಟಿನಿಂದಲೂ ನಡೆಯುತ್ತಿತ್ತು, ದಪ್ಪ ಸೆಲ್ಲುಗಳಿಂದಲೂ ನಡೆಯುತ್ತಿತ್ತು, 12 ವೋಲ್ಟಿನ ಕಾರ್ ಬ್ಯಾಟರಿಯಿಂದಲೂ ನಡೆಯುತ್ತಿತ್ತು. ಕ್ರಿಕೆಟ್ ಪಂದ್ಯದ ದಿನ ಅಂಗಡಿಯ ಗಲ್ಲಾದ ಪಕ್ಕದಲ್ಲಿ, ಕರೆಂಟಿಲ್ಲದ ತೋಟದ ಮನೆಯಲ್ಲಿ ಅದನ್ನು ಕಂಡವರು ಬಹಳ ಮಂದಿ. ನಮ್ಮ ಮನೆಯದು ಅಟ್ಟದ ಮೇಲೆ ಹದಿನೈದು ವರ್ಷ ಮಲಗಿತ್ತು.

ಧೂಳು ಒರೆಸಿ ಸ್ವಿಚ್ ಹಾಕಿದಾಗ ಪರದೆ ಬೆಳಗಿತು. ಭೋರೆಂಬ ಸದ್ದು, ಪರದೆಯ ತುಂಬ ಇರುವೆ ಹರಿದಂತೆ ಚುಕ್ಕಿಗಳು. ನೋಡಿದವರೆಲ್ಲ 'ಕೆಟ್ಟಿದೆ' ಎಂದರು. ಆದರೆ ಆ ಚುಕ್ಕಿಗಳೇ ಟಿವಿ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿ. ಟ್ಯೂನರ್ ಮತ್ತು ಅದರ ಮುಂದಿನ ವರ್ಧಕಗಳು ಯಾವ ಸಂಕೇತವೂ ಸಿಗದೆ ತಮ್ಮದೇ ಎಲೆಕ್ಟ್ರಾನ್‌ಗಳ ಗದ್ದಲವನ್ನು ಪೂರ್ಣ ಶಕ್ತಿಯಿಂದ ವರ್ಧಿಸುತ್ತಿವೆ. ಪಿಕ್ಚರ್ ಟ್ಯೂಬಿನ ಒಳಗೆ ಕಿರಣ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ತಪ್ಪದೆ ಓಡುತ್ತಿದೆ. ನಿಂತಿರುವುದು ಕಳಿಸುವವನ ಕಡೆಯ ಕೆಲಸ. ಆಯಕಟ್ಟಿನ ಸ್ಥಳಗಳ ಸುಮಾರು 50 ಪ್ರಸಾರ ಕೇಂದ್ರಗಳನ್ನು ಬಿಟ್ಟು ಉಳಿದ ಅನಲಾಗ್ ಭೂ ಪ್ರಸಾರವನ್ನು 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರ ಅಕ್ಟೋಬರಿನಲ್ಲಿ ಪ್ರಕಟಿಸಿತ್ತು. ಕೇಬಲ್ಲಿನ ಅನಲಾಗ್ ಅದಕ್ಕೂ ಮೊದಲೇ ಹೋಯಿತು. ಬೆಂಗಳೂರು, ಮೈಸೂರುಗಳಿಗೆ ಗಡುವು 2013ರ ಮಾರ್ಚ್ 31. ಕೊನೆಯ ಹಂತದ ಊರುಗಳಿಗೆ 2017.

ಇಂಥ ಟಿವಿಗೆ ಇಂದಿನ ಸೆಟ್‌ಟಾಪ್ ಬಾಕ್ಸನ್ನೋ ಪುಟ್ಟ ಕಂಪ್ಯೂಟರನ್ನೋ ಜೋಡಿಸುವುದು ಎಷ್ಟು ಸುಲಭ? 'ಒಂದು ಕನ್ವರ್ಟರ್ ತಂದು ಹಾಕಿದರೆ ಆಯಿತು' ಎಂಬುದು ಎಲ್ಲರ ಉತ್ತರ. ಈ ಉತ್ತರದಲ್ಲಿರುವ ಅರ್ಧ ಸತ್ಯವನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ. ಕಷ್ಟವೆಲ್ಲ ಇರುವುದು ಹಳೆಯ ಟಿವಿಯಲ್ಲಿ ಎಂದು ನಾನೂ ತಿಳಿದಿದ್ದೆ. ತಿಂಗಳೊಪ್ಪತ್ತು ಒದ್ದಾಡಿದ ಮೇಲೆ, ತಕರಾರು ಹೆಚ್ಚಾಗಿ ಹೊಸ ಡಬ್ಬಗಳದ್ದೇ ಎಂಬ ತೀರ್ಮಾನಕ್ಕೆ ಬಂದೆ.

ಮೊದಲು ಬಾಗಿಲಿನ ವಿಚಾರ. ಹೊಸ ಟಿವಿಗಳ ಬೆನ್ನಿನಲ್ಲಿ ನಾಲ್ಕಾರು ಬಗೆಯ ತೂತುಗಳಿರುತ್ತವೆ. ಪುಟ್ಟ ಟಿವಿಗೆ ಇರುವುದು ಒಂದೇ, ಆಂಟೆನಾ. (ಕೆಲವಕ್ಕೆ ಪಕ್ಕದಲ್ಲಿ ವೀಡಿಯೊ ಒಳಸೇರುವ ಸಣ್ಣ ಜಾಕ್ ಇರುತ್ತದೆ, ಅಂಥದ್ದಿದ್ದರೆ ನೀವು ಅದೃಷ್ಟವಂತರು, ಮುಂದಿನ ಅರ್ಧ ತೊಂದರೆ ನಿಮಗಿಲ್ಲ.) ಆಂಟೆನಾ ಬಾಗಿಲಿನಿಂದ ಒಳಗೆ ಹೋಗಲು ಬರಿಯ ಚಿತ್ರಸಂಕೇತ ಸಾಲದು, ಅದು ವಾಹಕ ತರಂಗವೊಂದರ ಮೇಲೆ ಸವಾರಿ ಮಾಡಿ ಬರಬೇಕು. ನಮ್ಮ ದೇಶ ಅನುಸರಿಸಿದ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, 50 ಅರ್ಧಚಿತ್ರ. ಚಿತ್ರದ ವಾಹಕಕ್ಕಿಂತ 5.5 ಮೆಗಾಹರ್ಟ್ಸ್ ಮೇಲೆ ಧ್ವನಿಯ ವಾಹಕ. ನಾಲ್ಕನೇ ಚಾನೆಲ್ ಎಂದರೆ 62.25 ಮೆಗಾಹರ್ಟ್ಸ್‌ನಲ್ಲಿ ಚಿತ್ರ, 67.75ರಲ್ಲಿ ಧ್ವನಿ. ಟಿವಿಗೆ ಗೊತ್ತಿರುವ ಭಾಷೆ ಇದೊಂದೇ.

ಈ ಭಾಷೆಯಲ್ಲಿ ಮಾತನಾಡಿಸುವ ಉಪಕರಣವೇ ಮಾಡ್ಯುಲೇಟರ್. ಅಂಗೈಯಗಲದ ಪ್ರಸಾರ ಕೇಂದ್ರ ಎನ್ನಬಹುದು. ವಿಸಿಆರ್‌ಗಳಲ್ಲಿ, ಟಿವಿಗೆ ಜೋಡಿಸುತ್ತಿದ್ದ ಹಳೆಯ ವೀಡಿಯೊ ಗೇಮ್‌ಗಳಲ್ಲಿ, 1980ರ ದಶಕದ ಮನೆ ಕಂಪ್ಯೂಟರುಗಳಲ್ಲಿ ಅದು ಒಳಗೇ ಇರುತ್ತಿತ್ತು. ಯಾವ ಟಿವಿ ಇದ್ದರೂ ಆಂಟೆನಾ ಇದ್ದೇ ಇರುತ್ತದೆ, ಆದ್ದರಿಂದ ನಮ್ಮ ಉಪಕರಣ ಅಲ್ಲಿಂದಲೇ ಒಳಹೋಗಲಿ ಎಂಬುದು ಆ ಕಾಲದ ವಿನ್ಯಾಸಕಾರರ ಲೆಕ್ಕ. ಬಹಳ ವಿನಯದ ಲೆಕ್ಕ ಅದು.

ಡಿಜಿಟಲ್ ಕಾಲದಲ್ಲಿ ಈ ಲೆಕ್ಕವನ್ನು ಕಾನೂನಾಗಿಯೇ ಬರೆದದ್ದು ಅಮೆರಿಕ. ಅಲ್ಲಿ ಪೂರ್ಣಶಕ್ತಿಯ ಅನಲಾಗ್ ಕೇಂದ್ರಗಳು 2009ರ ಜೂನ್ 12ರಂದು ನಿಂತವು. ಅದಕ್ಕೆ ಮೊದಲು ಪ್ರತಿ ಮನೆಗೂ, ಕೇಳಿದರೆ, 40 ಡಾಲರಿನ ಎರಡು ಕೂಪನ್ ಕೊಟ್ಟರು. ಕೂಪನ್ ಹಿಡಿದು ಕೊಳ್ಳಬಹುದಾದ ಡಬ್ಬಕ್ಕೆ ಷರತ್ತುಗಳಿದ್ದವು. ಹಳದಿ ಜಾಕಿನ ವೀಡಿಯೊ ಮಾತ್ರ ಸಾಲದು, ಮೂರು ಅಥವಾ ನಾಲ್ಕನೇ ಚಾನೆಲಿನಲ್ಲಿ ಆಂಟೆನಾ ತೂತಿಗೇ ಹೋಗುವ ಔಟ್‌ಪುಟ್ ಕಡ್ಡಾಯ. ಎಚ್‌ಡಿಎಂಐ ಇದ್ದರೆ ಆ ಡಬ್ಬಕ್ಕೆ ಕೂಪನ್ ಇಲ್ಲ! ಹಳೆಯ ಟಿವಿಯವರ ಹಣ ಹೊಸ ಟಿವಿಯವರ ಡಬ್ಬಕ್ಕೆ ಹೋಗಬಾರದು ಎಂಬ ಎಚ್ಚರಿಕೆ. ಒಂದು ಸರಕಾರಿ ನಿಯಮ ಟಿವಿಯ ಬೆನ್ನನ್ನು ಇಷ್ಟು ಗಮನವಿಟ್ಟು ನೋಡಿದ್ದನ್ನು ಮೆಚ್ಚಲೇಬೇಕು.

ಆದರೆ ಅದೇ ನಿಯಮ ಒಂದನ್ನು ಮರೆಯಿತು. ಪುಟ್ಟ ಟಿವಿ ಬರಿಯ ಹಳೆಯ ಟಿವಿಯಲ್ಲ, ಎತ್ತಿಕೊಂಡು ಹೋಗುವ ಟಿವಿ. ಚಂಡಮಾರುತ ಬಂದು ಕರೆಂಟ್ ಹೋದಾಗ ಫ್ಲಾರಿಡಾದಂಥ ಕಡೆ ಜನ ಹವಾಮಾನದ ಸುದ್ದಿಗೆ ನೆಚ್ಚಿಕೊಂಡಿದ್ದುದು ಇಂಥ ಬ್ಯಾಟರಿ ಟಿವಿಗಳನ್ನೇ. ಕೂಪನ್ನಿನ ಡಬ್ಬಗಳಲ್ಲಿ ಹೆಚ್ಚಿನವು ಗೋಡೆಯ ಕರೆಂಟನ್ನೇ ನಂಬಿದವು. ಬ್ಯಾಟರಿಯಿಂದ ನಡೆಯುವವು ವಿರಳ. ಮೂಲ ಗಡುವು ಫೆಬ್ರವರಿ 17 ಆಗಿದ್ದುದು ಮುಂದಕ್ಕೆ ಹೋಗಿ ಜೂನ್ 12 ಆಯಿತು. ಅಟ್ಲಾಂಟಿಕ್ ಚಂಡಮಾರುತಗಳ ಋತು ಶುರುವಾಗುವುದು ಜೂನ್ 1ಕ್ಕೆ. ಇಷ್ಟೇ ಅಲ್ಲ, ಅಮೆರಿಕ ಆರಿಸಿಕೊಂಡ ಡಿಜಿಟಲ್ ಪ್ರಸಾರ ವಿಧಾನ ಚಲಿಸುವ ಗ್ರಾಹಕಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಚಲಿಸುವ ಗ್ರಾಹಕಗಳಿಗಾಗಿ ಪೂರಕ ಮಾನಕ ಅಂಗೀಕಾರವಾದದ್ದು 2009ರ ಅಕ್ಟೋಬರಿನಲ್ಲಿ, ಅನಲಾಗ್ ನಿಂತು ನಾಲ್ಕು ತಿಂಗಳ ಮೇಲೆ. ಜಪಾನಿನವರು ಇಲ್ಲಿ ಜಾಣರು. ಅವರ ಪದ್ಧತಿಯಲ್ಲಿ ಒಂದು ಚಾನೆಲನ್ನು 13 ಭಾಗ ಮಾಡಿ, ಒಂದು ಭಾಗವನ್ನು ಕೈಯಲ್ಲಿ ಹಿಡಿಯುವ ಸಾಧನಗಳಿಗೆಂದು ಮೀಸಲಿಟ್ಟರು; ಆ ಸೇವೆ 2006ರ ಏಪ್ರಿಲಿನಲ್ಲೇ ಆರಂಭವಾಯಿತು. ಅಲ್ಲಿ ಬಹುತೇಕ ಅನಲಾಗ್ ನಿಂತದ್ದು 2011ರ ಜುಲೈನಲ್ಲಿ. ಅಂದರೆ ಹಳೆಯ ಉಪಕರಣ ಹೋದರೂ ಅದು ಮಾಡುತ್ತಿದ್ದ ಕೆಲಸಕ್ಕೆ ಬದಲಿ ಸಿದ್ಧವಿತ್ತು.

ಇನ್ನು ನಮ್ಮ ಅಟ್ಟದ ಟಿವಿಗೆ ಬರೋಣ. ನನ್ನ ಕೈಗೆ ಬಂದ ಮೂರು ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಒಂದಕ್ಕೂ ಆಂಟೆನಾ ಔಟ್‌ಪುಟ್ ಇರಲಿಲ್ಲ. ಎರಡಕ್ಕೆ ಹಳದಿ ಜಾಕ್ ಇತ್ತು, ಮೂರನೆಯದಕ್ಕೆ ಎಚ್‌ಡಿಎಂಐ ಮಾತ್ರ. ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಕನ್ವರ್ಟರ್ ಎಚ್‌ಡಿಎಂಐಯನ್ನು ಹಳದಿ ಜಾಕಿನ ವೀಡಿಯೊ ಮಾಡಿಕೊಡುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಅದರ ಪೆಟ್ಟಿಗೆಯ ಮೇಲೆ 'ಎಲ್ಲ ಹಳೆಯ ಟಿವಿಗಳಿಗೂ' ಎಂಬರ್ಥದ ಬರಹವಿತ್ತು. ಸುಳ್ಳು. ಹಳದಿ ಜಾಕ್ ಇರುವ ಹಳೆಯ ಟಿವಿಗಳಿಗೆ ಎಂದು ಬರೆದಿದ್ದರೆ ನನ್ನಂಥವರ ದುಡ್ಡು ಉಳಿಯುತ್ತಿತ್ತು.

ಆದ್ದರಿಂದ ಮಾಡ್ಯುಲೇಟರ್ ಬೇರೆ ಕೊಳ್ಳಬೇಕು. ನಾನು ಅಂಚೆಯಲ್ಲಿ ತರಿಸಿದ್ದು ಅಮೆರಿಕದ ಪದ್ಧತಿಯದು ಎಂದು ಜೋಡಿಸಿದ ಮೇಲೆ ತಿಳಿಯಿತು. ಅದರ ವರ್ತನೆ ಪಾಠ ಹೇಳುವಂತಿತ್ತು. ಅಲ್ಲಿನ ಮೂರನೇ ಚಾನೆಲಿನ ಚಿತ್ರವಾಹಕ 61.25 ಮೆಗಾಹರ್ಟ್ಸ್, ನಮ್ಮ ನಾಲ್ಕನೆಯದಕ್ಕಿಂತ ಒಂದೇ ಕಡಿಮೆ. ಟ್ಯೂನಿಂಗ್ ತಿರುಪನ್ನು ಸ್ವಲ್ಪ ತಿರುಗಿಸಿದೊಡನೆ ಚಿತ್ರ ಬಂದೇಬಿಟ್ಟಿತು! ಮಾಡ್ಯುಲೇಟರಿಗೆ ಗೆರೆಗಳ ಲೆಕ್ಕದ ಗೊಡವೆಯಿಲ್ಲ. ಒಳಗೆ 625 ಗೆರೆ ಹೋದರೆ ಹೊರಗೂ 625. ಆದರೆ ಧ್ವನಿ ಇಲ್ಲ. ಅಲ್ಲಿ ಚಿತ್ರಕ್ಕೂ ಧ್ವನಿಗೂ ಅಂತರ 4.5 ಮೆಗಾಹರ್ಟ್ಸ್, ನಮ್ಮ ಟಿವಿ 5.5ರಲ್ಲಿ ಕಿವಿಗೊಟ್ಟು ಕೂತಿದೆ. ಮಾರುವವರು ಈ ಒಂದು ಅಂಕಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದರೆ ಸಾಕಿತ್ತು.

ಕನ್ವರ್ಟರಿನ ಪಕ್ಕದಲ್ಲಿರುವ ಪುಟಾಣಿ ಸ್ವಿಚ್ಚಿನದು ಇನ್ನೊಂದು ಕಥೆ. ಒಂದು ಕಡೆ ಪಾಲ್, ಇನ್ನೊಂದು ಕಡೆ ಎನ್‌ಟಿಎಸ್‌ಸಿ. ಎರಡನೆಯದರಲ್ಲಿಟ್ಟರೆ ಚಿತ್ರ ಮೇಲಿಂದ ಕೆಳಗೆ ಸಿನಿಮಾ ರೀಲಿನಂತೆ ಉರುಳುತ್ತದೆ, ಆದರೆ ಅಡ್ಡಡ್ಡ ಹರಿಯುವುದಿಲ್ಲ. ಏಕೆ ಗೊತ್ತೇ? ಗೆರೆಗಳ ಆವೃತ್ತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ 15,625 ಮತ್ತು 15,734. ಅರ್ಧಚಿತ್ರಗಳು ಮಾತ್ರ 50ಕ್ಕೆ ಬದಲು 60. ಹಿಂಬದಿಯ 'ವಿ ಹೋಲ್ಡ್' ತಿರುಪನ್ನು ತಿರುಗಿಸಿದರೆ ನಿಲ್ಲುತ್ತದೆ, ಆದರೆ ಚಿತ್ರ ಸ್ವಲ್ಪ ಕುಳ್ಳಾಗುತ್ತದೆ. ಕಿರಣ ಕೆಳಗಿನ ಅಂಚು ಮುಟ್ಟುವ ಮೊದಲೇ ಹಿಂದಿರುಗುವ ಆಜ್ಞೆ ಬಂದುಬಿಡುತ್ತದೆ. ಹಳೆಯ ಟಿವಿ ಅಪರಿಚಿತ ಸಂಕೇತದೊಂದಿಗೂ ಹೀಗೆ ಹೊಂದಿಕೊಳ್ಳಲು ನೋಡುತ್ತದೆ. ಎಚ್‌ಡಿಎಂಐ ಹಾಗಲ್ಲ. ಎರಡೂ ಕಡೆಯವರು ಮೊದಲು ಪರಸ್ಪರ ಗುರುತು ತೋರಿಸಿಕೊಳ್ಳಬೇಕು. ನಕಲು ತಡೆಯುವ ಗೂಢಲಿಪಿಯ ವಿಷಯದಲ್ಲಿ ಒಪ್ಪಂದವಾಗದಿದ್ದರೆ ಪರದೆ ಕಪ್ಪು, ಕಾರಣ ಹೇಳುವವರಿಲ್ಲ. ಉರುಳುವ ಚಿತ್ರವನ್ನು ಕೈಯಿಂದ ನಿಲ್ಲಿಸಬಹುದು, ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂರಬೇಕು.

ಕೊನೆಗೆ ದಾರಿ ತೋರಿಸಿದವರು ನಮ್ಮೂರಿನಲ್ಲಿ ಹಿಂದೆ ಕೇಬಲ್ ನಡೆಸುತ್ತಿದ್ದವರು. ಅನಲಾಗ್ ಕಾಲದಲ್ಲಿ ಅವರ ಕೋಣೆಯಲ್ಲಿ ಚಾನೆಲಿಗೊಂದರಂತೆ ಮಾಡ್ಯುಲೇಟರುಗಳು ಸಾಲಾಗಿ ಉರಿಯುತ್ತಿದ್ದವು. 'ಗುಜರಿಗೆ ಹಾಕೋಣ ಅಂತಿದ್ದೆ ಮೇಷ್ಟ್ರೇ, ನಿಮಗೆ ಬೇಕಾದರೆ ಒಂದು ತಗೊಂಡು ಹೋಗಿ' ಎಂದರು. ಭಾರತದ್ದೇ ಪದ್ಧತಿ, ಧ್ವನಿ ಸರಿಯಾಗಿ 5.5ರಲ್ಲಿ. ಆದರೆ ಅದು ಊರಿಗೆಲ್ಲ ಹಂಚಲೆಂದು ತಯಾರಾದ ಯಂತ್ರ. ನೇರ ಜೋಡಿಸಿದಾಗ ಚಿತ್ರ ಕಪ್ಪುಗಟ್ಟಿ ತಿರುಚಿಕೊಂಡಿತು, ಸ್ಪೀಕರ್ ಗುಂಯ್‌ಗುಟ್ಟಿತು. ಟಿವಿಗೆ ಅಜೀರ್ಣ! ಕೇಬಲ್ಲಿನವರು ಬಳಸುವ, ಸಂಕೇತದ ಬಲ ಕುಗ್ಗಿಸುವ ಅಟೆನುಯೇಟರುಗಳನ್ನು ಒಂದರ ಹಿಂದೊಂದು ಸಿಕ್ಕಿಸಿದ ಮೇಲೆ ಚಿತ್ರ ಶಾಂತವಾಯಿತು. ನಿಮ್ಮ ಮನೆಯಲ್ಲಿ ವಿಸಿಆರ್ ಇದ್ದರೆ ಅದೂ ಮಾಡ್ಯುಲೇಟರಿನ ಕೆಲಸ ಮಾಡುತ್ತದೆ. ಟೇಪ್ ಓಡಿಸುವ ಭಾಗ ಕೆಟ್ಟಿದ್ದರೂ ಚಿಂತೆಯಿಲ್ಲ. ಆದರೆ ಅದರ ಔಟ್‌ಪುಟ್ ಸಾಮಾನ್ಯವಾಗಿ ಯುಎಚ್‌ಎಫ್‌ನಲ್ಲಿ. ಹನ್ನೆರಡು ಚಾನೆಲಿನ ತಿರುಗುಗುಂಡಿ ಮಾತ್ರ ಇರುವ ಹಳೆಯ ಟಿವಿಗೆ ಅದು ಕೇಳಿಸದು.

ಆಂಟೆನಾ ತೂತೂ ಇಲ್ಲದ, ಕಡ್ಡಿ ಮಾತ್ರ ಇರುವ ಟಿವಿಗಳಿವೆ. ಅಂಥದ್ದಕ್ಕೆ ಮಾಡ್ಯುಲೇಟರಿನ ತಂತಿಯ ತುದಿಯನ್ನು ಕಡ್ಡಿಯ ಬುಡಕ್ಕೆ ಎರಡು ಸುತ್ತು ಸುತ್ತಿದರೆ ಸಾಕು. ವರ್ಧಕ ಸೇರಿಸಿ ಮನೆಯಿಡೀ ಹರಡುವ ಉಮೇದು ಬೇಡ. ಅನುಮತಿಯಿಲ್ಲದ ಪ್ರಸಾರ ಅಪರಾಧ, ನೆರೆಯವರ ರೇಡಿಯೋಗೂ ಉಪದ್ರವ.

ಕೆಲವರು ಇದಕ್ಕೆಲ್ಲ ಅಡ್ಡದಾರಿ ಹೇಳುತ್ತಾರೆ: ಟಿವಿಯ ಬೆನ್ನು ಬಿಚ್ಚಿ, ವೀಡಿಯೊ ವರ್ಧಕಕ್ಕೆ ನೇರ ತಂತಿ ಬೆಸೆಯುವುದು. ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ, ನಿಜ. ಆದರೆ ಈ ಸಲಹೆ ಕೊಡುವವರು ಮೊದಲ ಸಾಲಿನಲ್ಲಿ ಹೇಳಬೇಕಾದ್ದನ್ನು ಹೇಳುವುದಿಲ್ಲ. ಪಿಕ್ಚರ್ ಟ್ಯೂಬಿಗೆ ಸಾವಿರಾರು ವೋಲ್ಟ್ ಬೇಕು, ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ವಿದ್ಯುದಂಶ ಉಳಿಯಬಹುದು. ಮನೆಯ ಕರೆಂಟಿನ ಹಲವು ಹಳೆಯ ಟಿವಿಗಳಲ್ಲಿ ಒಳಗಿನ ಚಾಸಿಸ್ ನೇರವಾಗಿ ಮೈನ್ಸಿಗೆ ಸೇರಿಕೊಂಡಿರುತ್ತದೆ. ಅಂಥ ಟಿವಿಗಳಲ್ಲಿ ಆಂಟೆನಾ ತೂತಿನ ಹಿಂದೆ ಪ್ರತ್ಯೇಕಿಸುವ ಕೆಪಾಸಿಟರುಗಳನ್ನು ಇಟ್ಟಿರುತ್ತಾರೆ. ಅಂದರೆ ಆಂಟೆನಾ ಒಂದೇ ಬಾಗಿಲು ಮಾತ್ರವಲ್ಲ, ಕಾವಲಿರುವ ಬಾಗಿಲು. ಕಿಟಕಿ ಒಡೆದು ಒಳಹೋದ ತಂತಿಯ ಇನ್ನೊಂದು ತುದಿ ಮಗುವಿನ ಕೈಯಲ್ಲಿರುವ ಕಂಪ್ಯೂಟರಿನಲ್ಲಿರುತ್ತದೆ. ಶಾಲೆಯಲ್ಲಿ ಈ ಕೆಲಸಕ್ಕೆ ನಾನಂತೂ ಒಪ್ಪಲಾರೆ.

ಈಗ ಚಿತ್ರದ ಬೆಲೆ ಕಟ್ಟೋಣ. ಇಷ್ಟು ಕಷ್ಟಪಟ್ಟು ಸಿಕ್ಕಿದ್ದು ಎಂಥ ಚಿತ್ರ? ಒಂದು ಗೆರೆಯಲ್ಲಿ ಚಿತ್ರವಿರುವ ಅವಧಿ 52 ಮೈಕ್ರೊಸೆಕೆಂಡ್, ವೀಡಿಯೊದ ಅಗಲ 5 ಮೆಗಾಹರ್ಟ್ಸ್. ಗುಣಿಸಿ ಎರಡು ಪಟ್ಟು ಮಾಡಿದರೆ ಗೆರೆಗೆ ಹೆಚ್ಚೆಂದರೆ 520 ಚುಕ್ಕಿ. ಪುಟ್ಟ ಟಿವಿಯ ಅಗ್ಗದ ಫಿಲ್ಟರುಗಳು ಅದರಲ್ಲೂ ಒಂದು ಪಾಲು ನುಂಗುತ್ತವೆ. ಡಬ್ಬ ಕಳಿಸುತ್ತಿರುವುದು ಗೆರೆಗೆ 1920 ಚುಕ್ಕಿಯ ಚಿತ್ರ. ಮುಖಗಳು ಚೆನ್ನಾಗಿಯೇ ಬರುತ್ತವೆ, ಅಕ್ಷರಗಳು ಸಾಯುತ್ತವೆ. ಐದಂಗುಲದ ಪರದೆ ಹತ್ತು ಸೆಂಟಿಮೀಟರ್ ಅಗಲ, ಏಳೂವರೆ ಎತ್ತರ. ಅದರಲ್ಲಿ ಅಗಲ ಚಿತ್ರವನ್ನು ಪೂರ್ತಿ ಕೂರಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಐದೂಮುಕ್ಕಾಲು ಸೆಂಟಿಮೀಟರ್ ಎತ್ತರ ಉಳಿಯುತ್ತದೆ. ಪರದೆ ತುಂಬಿಸಿದರೆ ಪಕ್ಕಗಳು ಹೋಗುತ್ತವೆ, ಅಂಚುಗಳನ್ನು ಟ್ಯೂಬಿನ ಚೌಕಟ್ಟು ನುಂಗುತ್ತದೆ, ಸುದ್ದಿಯ ಅಡಿಸಾಲು ಅಲ್ಲೇ ಮಾಯ. ಕ್ರಿಕೆಟ್ಟಿನ ಸ್ಕೋರನ್ನು ವೀಕ್ಷಕ ವಿವರಣೆಯಿಂದಲೇ ತಿಳಿಯಬೇಕು. ಕೆಂಪು ಜೆರ್ಸಿಯವರೂ ಹಸಿರು ಜೆರ್ಸಿಯವರೂ ಒಂದೇ ಬೂದು ತಂಡ.

ಇದು ಟಿವಿಯ ತಪ್ಪಲ್ಲ. ಇಂದಿನ ಕಾರ್ಯಕ್ರಮ ತಯಾರಿಸುವವರು ಅಕ್ಷರ, ಬಣ್ಣಗಳ ಮೇಲೆ ಹೊರಿಸಿದ ಭಾರ ಅದು. ಕಪ್ಪು-ಬಿಳುಪು ಕಾಲದ ಹಳೆಯ ಕನ್ನಡ ಚಿತ್ರವೊಂದನ್ನು ಇದೇ ಟಿವಿಯಲ್ಲಿ ಹಾಕಿದಾಗ ಚೌಕಟ್ಟು ಸರಿಯಾಗಿ ಕೂತಿತು, ಯಾರೂ ದೂರಲಿಲ್ಲ.

ಬಣ್ಣದ ಕುರಿತು ಇನ್ನೊಂದು ಸಣ್ಣ ಮಾತು. ಕನ್ವರ್ಟರ್ ಕಳಿಸುವ ಬಣ್ಣದ ಉಪವಾಹಕ, ಸುಮಾರು 4.43 ಮೆಗಾಹರ್ಟ್ಸ್, ಕಪ್ಪು-ಬಿಳುಪು ಪರದೆಯ ಮೇಲೆ ಸಣ್ಣ ಚುಕ್ಕಿಗಳ ಬಲೆಯಾಗಿ ಕಾಣಬೇಕು. ನನ್ನ ಟಿವಿಯಲ್ಲಿ ಕಾಣಲಿಲ್ಲ. ಅಷ್ಟು ಸೂಕ್ಷ್ಮ ವಿವರ ತೋರಿಸುವ ಯೋಗ್ಯತೆಯೇ ಅದಕ್ಕಿಲ್ಲ, ಒಂದು ದೋಷ ಇನ್ನೊಂದನ್ನು ಮುಚ್ಚಿತು! ಧ್ವನಿಯಲ್ಲಿ ಎಡ-ಬಲ ಎರಡು ತಂತಿ ಬರುತ್ತವೆ, ಮಾಡ್ಯುಲೇಟರಿಗೆ ಬೇಕಾದ್ದು ಒಂದು. ಎರಡನ್ನೂ ನೇರ ಗಂಟುಹಾಕಬೇಡಿ, ತಲಾ ಒಂದು ಸಾವಿರ ಓಮ್ ರೋಧಕದ ಮೂಲಕ ಕೂಡಿಸಿ.

ಎತ್ತಿಕೊಂಡು ಹೋಗುವ ಗುಣದ ಗತಿ ಏನಾಯಿತು? ಸೆಟ್‌ಟಾಪ್ ಬಾಕ್ಸಿಗೆ ಒಂದು ಅಡಾಪ್ಟರ್, ಕನ್ವರ್ಟರಿಗೆ ಒಂದು, ಮಾಡ್ಯುಲೇಟರಿಗೆ ಒಂದು, ಟಿವಿಗೆ ಒಂದು. ಅಗ್ಗದ ಅಡಾಪ್ಟರುಗಳ ಗದ್ದಲ ಪರದೆಯ ಮೇಲೆ ಓರೆ ಪಟ್ಟಿಗಳಾಗಿ ತೇಲುತ್ತದೆ. ಕೈಲಿ ಹಿಡಿದು ಹೋಗುತ್ತಿದ್ದುದು ಮೇಜಿಗೆ ಕಟ್ಟಿದ ದನವಾಯಿತು. ನಾನು ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿಯೊಂದರಿಂದ ಟಿವಿಯನ್ನೂ 12 ವೋಲ್ಟಿನ ಬಾಕ್ಸನ್ನೂ ನಡೆಸಿ, ಕಾರಿನ ಯುಎಸ್‌ಬಿ ಚಾರ್ಜರಿನಿಂದ ಕನ್ವರ್ಟರಿಗೆ 5 ವೋಲ್ಟ್ ಕೊಟ್ಟು ನೋಡಿದೆ. ಪಟ್ಟಿಗಳು ಬಹುಮಟ್ಟಿಗೆ ಹೋದವು. (ಟಿವಿಯ ಪ್ಲಗ್ಗಿನ ನಡುವಿನ ಕಡ್ಡಿ ಧನವೋ ಋಣವೋ ನೋಡಿಕೊಳ್ಳಿ, ಎಲ್ಲ ಕಂಪನಿಗಳದೂ ಒಂದೇ ರೀತಿಯಲ್ಲ.) ಕೇಬಲ್ಲಿನವರ ಮಾಡ್ಯುಲೇಟರ್ ಮಾತ್ರ 230 ವೋಲ್ಟನ್ನೇ ಕೇಳುತ್ತದೆ. ಅಲ್ಲಿಗೆ ತೋಟದ ಮನೆಯ ಆಸೆ ನಿಂತಿತು.

ನೇರವಾಗಿ ಹಳದಿ ವೀಡಿಯೊ ಕೊಡುವ ಪುಟ್ಟ ಕಂಪ್ಯೂಟರ್ ಇದ್ದರೆ ಕನ್ವರ್ಟರಿನ ಹಂಗು ತಪ್ಪುತ್ತದೆ. ಶಾಲೆಗಳಲ್ಲಿ ಪರಿಚಿತವಾದ ರಾಸ್ಪ್‌ಬೆರಿ ಪೈ ಇದಕ್ಕೆ ಒಳ್ಳೆಯದು. ಆದರೆ ಅದರಲ್ಲೂ ಬಾಗಿಲು ಹೇಗೆ ಕಿರಿದಾಗುತ್ತ ಬಂತು ನೋಡಿ. 2012ರ ಮೊದಲ ಪೈಯಲ್ಲಿ ಹಳದಿ ಜಾಕೇ ಇತ್ತು. 2014ರಲ್ಲಿ ಅದು ಇಯರ್‌ಫೋನ್ ಜಾಕಿನೊಳಗೆ ಸೇರಿಕೊಂಡಿತು. 2019ರ ನಾಲ್ಕನೇ ಪೈಯಲ್ಲಿ ಅದನ್ನು ಆರಿಸಿಟ್ಟಿರುತ್ತಾರೆ, ಬೇಕಾದವರು ಆದೇಶ ಬರೆದು ಎಬ್ಬಿಸಬೇಕು. 2023ರ ಐದನೆಯದರಲ್ಲಿ ಜಾಕ್ ಇಲ್ಲ, ಬೆಸುಗೆ ಹಾಕಿಕೊಳ್ಳಲು ಫಲಕದ ಮೇಲೆ ಎರಡು ಬಿಂದುಗಳು ಮಾತ್ರ. ಸಂಕೇತ ಹುಟ್ಟಿಸುವ ಮಂಡಲ ಚಿಪ್ಪಿನೊಳಗೆ ಇದ್ದೇ ಇದೆ. ಉಳಿಸಿದ್ದು ಒಂದು ಜಾಕಿನ ಜಾಗ, ಕಾಸು. ತಯಾರಕರಿಗೆ ಅವರ ಲೆಕ್ಕ ಇರುತ್ತದೆ, ಬಿಡಿ. ಆದರೂ ಎರಡು ಬಿಂದುಗಳನ್ನಾದರೂ ಉಳಿಸಿದ್ದಕ್ಕೆ ಅವರನ್ನು ಹೊಗಳಬೇಕು. ಸೆಟ್‌ಟಾಪ್ ಬಾಕ್ಸಿನವರಲ್ಲಿ ಅಷ್ಟು ದಾಕ್ಷಿಣ್ಯವೂ ಕಾಣಲಿಲ್ಲ.

ಹಾಗಾದರೆ ಇದೆಲ್ಲ ಏಕೆ ಬೇಕು? ಸಿನಿಮಾ ನೋಡಲು ಬೇಡ. ಮೊಬೈಲಿನ ಪರದೆ ಇದಕ್ಕಿಂತ ಲೇಸು. ನಾನು ಜೋಡಿಸಿದ್ದು ನಮ್ಮ ಶಾಲೆಯ ವಿಜ್ಞಾನ ಸಂಘಕ್ಕೆ. ಎಲ್‌ಸಿಡಿ ಪರದೆಯಲ್ಲಿ ಚಿತ್ರ ಹೇಗೆ ಮೂಡುತ್ತದೆಂದು ಮಗುವಿಗೆ ಕಣ್ಣಾರೆ ತೋರಿಸಲಾಗದು. ಇಲ್ಲಿ ತೋರಿಸಬಹುದು. ವಿ ಹೋಲ್ಡ್ ತಿರುಗಿಸಿ ಎರಡು ಅರ್ಧಚಿತ್ರಗಳ ನಡುವಿನ ಕಪ್ಪು ಪಟ್ಟಿಯನ್ನು ಪರದೆಯ ಮಧ್ಯಕ್ಕೆ ತಂದು ನಿಲ್ಲಿಸಿ. ಪರದೆಯ ಮುಂದೆ ಕೈಬೆರಳುಗಳನ್ನು ಬೇಗಬೇಗ ಆಡಿಸಿ, ಬೆರಳುಗಳು ತುಂಡುತುಂಡಾಗಿ ಕಾಣುತ್ತವೆ. ಕಂಪ್ಯೂಟರಿನಿಂದ ಒಂದು ಚೌಕಳಿಯನ್ನು ಪರದೆಗೆ ಕಳಿಸಿ, ಪಕ್ಕದಿಂದ ಕಾಂತವೊಂದನ್ನು ಮೆಲ್ಲಗೆ ತನ್ನಿ, ಗೆರೆಗಳು ಬಾಗುತ್ತವೆ. ಕಾಂತದ ಧ್ರುವ ತಿರುಗಿಸಿದರೆ ಬಾಗುವ ದಿಕ್ಕೂ ತಿರುಗುತ್ತದೆ. ಪಠ್ಯಪುಸ್ತಕದಲ್ಲಿ ಬಾಣಗಳಾಗಿದ್ದ ಎಲೆಕ್ಟ್ರಾನ್‌ಗಳ ದಾರಿ ಅಲ್ಲಿ ಬೆಳಕಾಗಿ ಬಾಗುತ್ತದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಕಾಂತ ಹಿಡಿದ ಕೈ ಹಿಂದೆಗೆಯದೆ, 'ಸರ್, ಹಾಗಾದರೆ ಭೂಮಿಯ ಕಾಂತತ್ವವೂ ಇದನ್ನು ಎಳೀತಿರಬೇಕಲ್ಲವೇ?' ಎಂದು ಕೇಳಿದಳು. ಟಿವಿಯನ್ನು ಪೂರ್ವದಿಂದ ಉತ್ತರಕ್ಕೆ ತಿರುಗಿಸಿ ಚೌಕಳಿಯ ಅಂಚನ್ನು ಅಳೆಯುವ ಕೆಲಸ ಇನ್ನೂ ನಡೆದಿದೆ.

ಈ ಪ್ರಯೋಗ ಕಪ್ಪು-ಬಿಳುಪು ಟಿವಿಯಲ್ಲಿ ಮಾತ್ರ ಮಾಡಿ. ಬಣ್ಣದ ಟ್ಯೂಬಿನೊಳಗೆ ತೂತುಗಳಿರುವ ಉಕ್ಕಿನ ತೆಳು ಹಾಳೆ ಇರುತ್ತದೆ. ಕಾಂತ ತಗುಲಿದರೆ ಅದು ತಾನೂ ಕಾಂತವಾಗಿ, ಬಣ್ಣಗಳು ಅಲ್ಲೇ ಕಲೆಯಾಗಿ ಉಳಿದುಬಿಡುತ್ತವೆ.